ಕಣ್ಣಿನ ಪರೀಕ್ಷೆಯಲ್ಲಿ ನಾನು ಪಾಸಾದದ್ದು

ನಿಜಾಮರ ಕಾಲದಲ್ಲಿ ನಾನು ಮಸ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಫೇಲಾದವನಲ್ಲ. ಕಣ್ಣಿನ ಪರೀಕ್ಷೆ ಯಾವ ಲೆಕ್ಕ!

ಆ ಪರೀಕ್ಷೆ ಬಂದದ್ದು ಒಂದು ಸಲಾಮಿನಿಂದ. ದೂರದ್ದೆಲ್ಲ ನನಗೆ ಮಂಜು ಮಂಜು. ಶಾಲೆಯ ತಪಾಸಣೆಗೆ ಬಂದ ಸಾಹೇಬರನ್ನು ಬಿಟ್ಟು ಅವರ ಟಾಂಗಾದವನಿಗೆ ಬಗ್ಗಿ ಸಲಾಂ ಮಾಡಿಬಿಟ್ಟೆ! ಸಾಹೇಬರು ಅಂಗಳದಲ್ಲೇ ಗುಡುಗಿದರು. "ಮುಂದಿನ ತಿಂಗಳು ಮತ್ತ ಬರ್ತೀನಿ. ಅಷ್ಟರಾಗ ಕಣ್ಣಿಗೆ ಚಾಳೀಸು ಹಾಕ್ಕೊಳ್ರಿ. ಇಲ್ಲಾಂದ್ರ ನೌಕರಿ ಬಿಡ್ರಿ!" ಶಾಲೆಯೊಳಗೆ ಕಾಲಿಡದೆ ತಿರುಗಿ ಹೋದರು.

ಲಿಂಗಸುಗೂರಿನ ದವಾಖಾನೆಗೆ ಕಣ್ಣಿನ ಡಾಕ್ಟರು ಬಂದಿದ್ದರು. ಕನ್ನಡಕಕ್ಕೆಂದು ಅಲ್ಲಿಗೆ ಹೋದೆ. ಸರದಿ ಉದ್ದವಿತ್ತು. ಒಳಗೆ ಗೋಡೆಗೆ ಉರ್ದು ಅಕ್ಷರಗಳ ಪಟ. ಹೋದವರೆಲ್ಲ ಅದನ್ನು ಕೂಗಿ ಓದುತ್ತಿದ್ದರು. ನನಗೆ ಮಾತ್ರ ಅದು ಒಣಗಲು ಹಾಕಿದ ಧೋತರದಂತೆ ಬೆಳ್ಳಗೆ ಕಾಣುತ್ತಿತ್ತು. ಮಾಸ್ತರನೇ ಫೇಲಾದರೆ ಮಾನ ಉಳಿಯುತ್ತದೆಯೇ? ಕಟ್ಟೆಯ ಮೇಲೆ ಕುಳಿತು, ಕೇಳಿ ಕೇಳಿ ಪೂರ್ತಿ ಬಾಯಿಪಾಠ ಮಾಡಿದೆ!

ಸರದಿ ಬಂದಾಗ ಉಸಿರು ಬಿಡದೆ ಕೊನೆಯ ಸಾಲಿನವರೆಗೂ ಒಪ್ಪಿಸಿದೆ.

"ಶಾಬಾಸ್ ಮಾಸ್ತರ! ಹದ್ದಿನ ನಜರ್ ಐತಿ ನಿಮ್ದು. ನಿಮಗ್ಯಾಕ ಚಾಳೀಸು? ಹೋಗ್ರಿ," ಎಂದರು ಡಾಕ್ಟರು.

ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಹೆಂಡತಿ ಗಂಗವ್ವ ಬಾಗಿಲಲ್ಲೇ ನಿಂತಿದ್ದಳು.

"ಚಾಳೀಸು ಎಲ್ಲೈತ್ರೀ?"

"ಪಾಸಾಗೀನಿ! ಒಂದಕ್ಷರ ತಪ್ಪಿಲ್ಲ!"

"ನೀವು ಪಾಸಾಗಾಕ ಹೋಗಿದ್ರೇನು, ಚಾಳೀಸು ತರಾಕ ಹೋಗಿದ್ರೇನು? ನೌಕರಿ ಹೋದ್ರ ಆ ಪಾಸು ಬೇಯಿಸಿ ಉಣ್ಣೂಣೇನು?"

ಆಗ ಹೊಳೆಯಿತು. ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಮತ್ತೆ ಲಿಂಗಸುಗೂರು. ಈ ಸಲ ಫೇಲಾಗಿಯೇ ತೀರುವೆನೆಂದು ಶಪಥ!

"ಮ್ಯಾಲಿನ ದೊಡ್ಡ ಅಕ್ಷರ ಕಾಣ್ತೈತೇನ್ರಿ?" ಡಾಕ್ಟರು ಕೇಳಿದರು.

"ಇಲ್ರಿ."

"ಪಟ?"

"ಇಲ್ರಿ."

"ಗ್ವಾಡಿ?"

"ಯಾವ ಗ್ವಾಡಿರೀ?"

ಡಾಕ್ಟರು ನನ್ನ ಕಣ್ಣಿಗೆ ಗಾಜಿನ ಮೇಲೆ ಗಾಜು ಏರಿಸಿದರು. ನೆಲ ತೂಗಾಡಿತು. ನಾನು ಮಾತ್ರ "ಭಾಳ ಚಲೋ ಕಾಣಾಕತ್ತೈತ್ರಿ" ಎಂದು ಎದ್ದು ಒಂದು ಹೆಜ್ಜೆ ಇಟ್ಟೆ. ಕಾಲು ಬಾವಿಗೆ ಇಳಿದಂತಾಯಿತು. ಹೋಗಿ ಮೇಜನ್ನು ತಬ್ಬಿಕೊಂಡೆ!

"ನಿನ್ನೆ ಹದ್ದು, ಇವತ್ತು ಗ್ವಾಡಿನೂ ಕಾಣಂಗಿಲ್ಲ. ಖರೇ ಹೇಳ್ರಿ ಮಾಸ್ತರ."

ಬಾಯಿಪಾಠದ ಸಂಗತಿಯನ್ನು ಹೇಳಿಬಿಟ್ಟೆ.

"ನಿಮ್ಮ ಸಾಲಿ ಹುಡುಗ್ರು ನಕಲು ಮಾಡಿದ್ರ ಏನ್ ಮಾಡ್ತೀರಿ?"

"ಹೊರಗ ನಿಂದರಸ್ತೀನ್ರಿ."

"ಹಂಗಾರ ನಿಂದರ್ರಿ."

ನಿಂತೆ. ಸರದಿಯವರೆಲ್ಲ ನೋಡುತ್ತಿದ್ದರು. ಕಿವಿ ಹಿಡಿದುಕೊಂಡಿರಲಿಲ್ಲ, ಅಷ್ಟೇ. ಒಂದು ತಾಸಿನ ಮೇಲೆ ಒಳಗೆ ಕರೆದು, ಬೇರೆ ಪಟ ತೂಗುಹಾಕಿ, ಎರಡನೆಯ ಸಾಲಿಗೇ ನನ್ನನ್ನು ಪ್ರಾಮಾಣಿಕವಾಗಿ ಫೇಲು ಮಾಡಿ, ಸರಿಯಾದ ಕನ್ನಡಕ ಕೊಟ್ಟರು.

ತಪಾಸಣೆಯ ದಿನ ಸಾಹೇಬರಿಗೇ ಸಲಾಂ ಬಿತ್ತು. ನೌಕರಿ ಉಳಿಯಿತು! ಹೆಮ್ಮೆಯಿಂದ ಅವರನ್ನು ತರಗತಿಯೊಳಗೆ ಕರೆದೊಯ್ದು, ಮೊದಲ ಬಾರಿ ಹಿಂದಿನ ಗೋಡೆಯನ್ನು ಸ್ಪಷ್ಟವಾಗಿ ನೋಡಿದೆ. ಸಾಹೇಬರೂ ನೋಡಿದರು. ಇದ್ದಿಲಿನಲ್ಲಿ ಬರೆದ ಗೇಣುದ್ದದ ಅಕ್ಷರಗಳು: "ಮಾಸ್ತರಗ ಕಣ್ಣು ಕಾಣಂಗಿಲ್ಲ."

ಮಾಸಿದ್ದು ನೋಡಿದರೆ ಬರೆದು ವರ್ಷವಾದರೂ ಆಗಿತ್ತು. ಅಕ್ಷರಗಳು ಮಾತ್ರ ಬಲು ದುಂಡಗಿದ್ದವು. ಕಲಿಸಿದವನು ನಾನೇ ಅಲ್ಲವೇ!