ಅಕ್ಕನ ವರ್ಗಾವಣೆ ಮಾಟ

ಅಕ್ಕನ ಮಾಟ ಹುಸಿ ಹೋಗುವುದಿಲ್ಲ ಎಂದು ಆ ವರ್ಷ ನಮ್ಮ ಬೀದಿಯೆಲ್ಲ ನಂಬಿತ್ತು. ಚಾಮರಾಜನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ನನ್ನ ಮನೆಯಲ್ಲೇ ಇಂಥವು ನಡೆಯುತ್ತಿದ್ದವು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು.

ಅಕ್ಕ ಉಮ್ಮತ್ತೂರು ಕಡೆಯ ಶಾಲೆಯಲ್ಲಿ ಟೀಚರ್. ಭಾವ ಗುಂಡ್ಲುಪೇಟೆಯಲ್ಲಿ ತರಕಾರಿ ಮಂಡಿ ನಡೆಸುವವರು. ಅವಳು ವಾರವೆಲ್ಲ ನಮ್ಮ ಮನೆಯಲ್ಲಿದ್ದು, ಶನಿವಾರ ಗಂಡನನ್ನೂ ಮಗಳನ್ನೂ ನೋಡಲು ಬಸ್ಸು ಹತ್ತುತ್ತಿದ್ದಳು. ಒಂದು ಭಾನುವಾರ ಹೊರಟು ನಿಂತಾಗ ಆ ಚಿಕ್ಕ ಮಗಳು ನೆಂಟರನ್ನು ವಿಚಾರಿಸುವಂತೆ, "ಮತ್ತೆ ಯಾವಾಗ ಬತ್ತೀರಾ?" ಎಂದಳಂತೆ. ಅಕ್ಕ ಬಸ್ಸಿನುದ್ದಕ್ಕೂ ಅತ್ತಳು. ಇಳಿಯುವಷ್ಟರಲ್ಲಿ ಗುಂಡ್ಲುಪೇಟೆಗೆ ವರ್ಗ ಮಾಡಿಸಿಕೊಂಡೇ ತೀರುವುದೆಂದು ನಿಶ್ಚಯಿಸಿದ್ದಳು. ಅರ್ಜಿ ಹಾಕಿದಳು. ಜೊತೆಗೆ ಮಾಟವನ್ನೂ ಶುರು ಮಾಡಿದಳು.

ಮಂತ್ರವಾದಿಯ ಹತ್ತಿರ ಮಾತ್ರ ಹೋಗಲಿಲ್ಲ. "ಇನ್ನೊಬ್ರು ಮಂತ್ರ ಇನ್ನೊಬ್ರು ಚಪ್ಲಿ ಇದ್ದಂಗೆ ಕಣೋ, ಕಚ್ತದೆ" ಎಂದಳು. ಅವಳ ವಿದ್ಯೆ ಅರ್ಧ ಅಜ್ಜಿಯಿಂದ ಕೇಳಿದ್ದು, ಅರ್ಧ ಫೋನಿನಲ್ಲಿ ನೋಡಿದ್ದು. ಸೂತ್ರ ಒಂದೇ: ಆಗಬೇಕಾದ ಕೆಲಸ ಹೇಗಿದೆಯೋ, ಇಡುವ ವಸ್ತುವೂ ಹಾಗೇ ಇರಬೇಕು.

ನಡೆಯುವ ಗಿಡ

"ವರ್ಗ ಅಂದ್ರೆ ಜಾಗ ಬಿಟ್ಟು ಜಾಗಕ್ಕೆ ಹೋಗೋದು. ಯಾವ ಗಿಡ ನಡೀತದೆ ಹೇಳೋ, ಬಾಟ್ನಿ ಮೇಷ್ಟ್ರೇ."

"ಯಾವುದೂ ನಡೆಯಲ್ಲ."

"ಕುಂಬಳದ ಬಳ್ಳಿ?"

"ಅದು ಹಬ್ತದೆ."

"ಅದೇ ಅದರ ನಡಿಗೆ, ಬುಡು."

ಹಿತ್ತಿಲಲ್ಲಿ ಕುಂಬಳ ಹಾಕಿ, ಕುಡಿಯನ್ನು ದಿನಾ ಗುಂಡ್ಲುಪೇಟೆ ದಿಕ್ಕಿಗೆ ತಿರುಗಿಸಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಅದು ಪಕ್ಕದ ಮನೆಯ ಬಚ್ಚಲ ನೀರಿನ ಕಡೆ ತಿರುಗಿರುತ್ತಿತ್ತು. ಕೊನೆಗೆ ಗೋಡೆ ಹತ್ತಿ ಆಚೆ ಇಳಿಯಿತು. ಪಕ್ಕದ ಮನೆಯ ಗುಮಾಸ್ತರಿಗೆ ಕೊಳ್ಳೇಗಾಲಕ್ಕೆ ವರ್ಗವಾಯಿತು. ಬೀದಿ ನಂಬಲು ಶುರು ಮಾಡಿದ್ದು ಆವತ್ತೇ.

ಗುಮಾಸ್ತರ ಹೆಂಡತಿ ಓಡಿ ಬಂದರು. "ನಮ್ಮೆಜಮಾನ್ರು ಇಲ್ಲೇ ಸುಖವಾಗಿದ್ರಲ್ಲ ಟೀಚರೇ! ಬಳ್ಳಿ ವಾಪಸ್ ಎಳ್ಕಂಡ್ರೆ ಆರ್ಡ್ರೂ ವಾಪಸ್ ಓಯ್ತದಾ?"

ಅಕ್ಕ ಗೋಡೆಯಾಚೆ ಇಣುಕಿ ನೋಡಿದಳು. "ಕಾಯಿ ಬಿಟ್ಬುಟ್ಟದೆ ಕಣಮ್ಮ. ಇನ್ನಾಗಲ್ಲ."

ಸರ್ಕಾರದ ವಾರ

ಬಳ್ಳಿಯನ್ನು ನಂಬುವಂತಿಲ್ಲ ಎಂದು ಮಾಟದ ಗಂಟು ಕಟ್ಟಲು ಹೊರಟಳು. ಬಟ್ಟೆ ಹಸಿರು, ಏಕೆಂದರೆ ಸಾಹೇಬರು ಸಹಿ ಹಾಕುವುದು ಹಸಿರು ಶಾಯಿಯಲ್ಲಿ. ಒಳಗೆ ಅರಿಸಿನದ ಕೊಂಬು. ಯಾವ ವಾರ ಕಟ್ಟಬೇಕು ಎಂಬುದೇ ತೊಡಕಾಯಿತು. ಸರ್ಕಾರಕ್ಕೆ ಸೂರ್ಯ, ಸೂರ್ಯನಿಗೆ ಭಾನುವಾರ.

"ಭಾನುವಾರ ಆಫೀಸಿಗೆ ಬೀಗ. ನಿನ್ನ ಮಾಟ ಹೋಗಿ ಯಾರನ್ನ ಕಾಣ್ತದೆ?" ಎಂದೆ. ತಮಾಷೆಗೆ ಅಂದದ್ದು. ಅವಳು ತಲೆದೂಗಿದಳು.

"ಹೌದಲ್ವಾ! ಸೋಮವಾರ ಸಾಹೇಬ್ರು ಸಿಡಿಮಿಡಿ ಅಂತಿರ್ತಾರೆ. ಮಂಗಳವಾರ ಮೀಟಿಂಗು. ಗುರುವಾರದ ಹೊತ್ಗೆ ಸುಸ್ತು. ಶುಕ್ರವಾರ ಊರಿಗೆ ಹೊರಡೋ ಗ್ಯಾನ."

ನವಗ್ರಹಗಳು ಹೀಗೆ ಕಚೇರಿಯ ಹಾಜರಾತಿಗೆ ಹೊಂದಿಕೊಂಡವು. ಬುಧವಾರ ನಿಗದಿಯಾಯಿತು. ಆ ಬುಧವಾರ ನೌಕರರ ಮುಷ್ಕರ. ಕಚೇರಿ ಮುಂದೆ ನಿಂತು ಯಾರನ್ನೂ ಒಳಗೆ ಬಿಡದಂತೆ ಘೋಷಣೆ ಕೂಗುತ್ತಿದ್ದವರಲ್ಲಿ ಅಕ್ಕನೂ ಇದ್ದಳು.

ಗುಂಡ್ಲುಪೇಟೆಯ ಮಣ್ಣು

ಹೋಗಬೇಕಾದ ಜಾಗದ ಮಣ್ಣು ಗಂಟಿನಲ್ಲಿಲ್ಲದೆ ಕೆಲಸ ಕೆಟ್ಟಿತೆಂದು ಅಕ್ಕ ತೀರ್ಮಾನಿಸಿದಳು. ಬೇಕಾದ ಶಾಲೆಯ ಮುಂದಿನ ಒಂದು ಹಿಡಿ ಮಣ್ಣು ಕಳಿಸುವಂತೆ ಭಾವನಿಗೆ ಫೋನಾಯಿತು. ಮಣ್ಣು ಬಂತು. ಅಕ್ಕ ಅದನ್ನು ಗಂಟಿಗೆ ಹಾಕಿ, ದಿಂಬಿನಡಿ ಇಟ್ಟು ಮಲಗತೊಡಗಿದಳು.

ಮುಂದೆ ಭಾವ ಬಂದಾಗ, ಎಲ್ಲಿ ಅಗೆದಿರಿ ಎಂದು ಕೇಳಿದೆ.

"ಎಲ್ಲಪ್ಪ ಅಗಿಯೋದು? ಸ್ಕೂಲ್ ಮುಂದೆಲ್ಲ ಸಿಮೆಂಟ್ ಮಾಡ್ಬುಟ್ಟವ್ರೆ. ಈರುಳ್ಳಿ ಚೀಲ ಒದ್ರಿ ಕಳಿಸ್ದೆ."

"ಎಲ್ಲಿಯ ಈರುಳ್ಳಿ?"

"ಮಹಾರಾಷ್ಟ್ರದ್ದು. ಒಳ್ಳೆ ಮಾಲು."

ಒಳಗಿದ್ದ ಅಕ್ಕ ಗಂಟು ಹಿಡಿದು ಹಿತ್ತಿಲಿಗೆ ಓಡಿದಳು. ಅದನ್ನು ಬಿಚ್ಚಿ ಕೊಡವುತ್ತಾ ಅಲ್ಲಿಂದಲೇ ಕೂಗಿದಳು: "ಮರಾಠೀಲಿ ಮಗ್ಗಿ ಹೇಳ್ಕೊಡಕ್ಕೆ ನಂಗ್ ಬರಲ್ಲ ಕಣ್ರೀ!"

ತಂಪಿನ ಪದಾರ್ಥ

ಅಷ್ಟರಲ್ಲಿ ಅಕ್ಕನಿಗೊಬ್ಬರು ಎದುರಾಳಿ ಸಿಕ್ಕಿದರು, ಅವಳದೇ ಶಾಲೆಯ ಇನ್ನೊಬ್ಬರು ಟೀಚರ್. ಅವರ ಕಣ್ಣೂ ಗುಂಡ್ಲುಪೇಟೆಯ ಆ ಜಾಗದ ಮೇಲಿದೆ ಎಂದು ಅಕ್ಕನಿಗೆ ಖಾತ್ರಿ. ಸಾಕ್ಷಿ, ಅವರ ಬ್ಯಾಗಿನಲ್ಲಿದ್ದ ನಿಂಬೆಹಣ್ಣು.

"ಕೇಳಿದ್ರೆ ಬಸ್ಸಲ್ಲಿ ವಾಂತಿ ಬತ್ತದೆ ಅಂತಾಳೆ. ಮಾಟ ಮಾಡೋರು ಇನ್ನೇನಂತಾರೆ?"

"ನೀನೇನಂತೀಯ?"

"ನಂದು ಬೇರೆ ಬುಡು."

ಎದುರಾಳಿಯ ಉತ್ಸಾಹ ತಣ್ಣಗಾಗಬೇಕು. ಆದ್ದರಿಂದ ತಣ್ಣನೆಯ ಪದಾರ್ಥ ಬೇಕು. ಭಾವನ ಮಂಡಿಯಿಂದ ಸೋರೆಕಾಯಿ, ಸೌತೆಕಾಯಿ, ಬೂದುಗುಂಬಳ ಬರತೊಡಗಿದವು. ಅಕ್ಕ ಬಾಯಲ್ಲೇ ಏನೋ ಗೊಣಗಿ, ನಗುನಗುತ್ತಾ ಅವರ ಕೈಗೆ ಕೊಡುತ್ತಿದ್ದಳು. ಅವರಿಗೆ ನೆಗಡಿ ಹಿಡಿಯಿತು. ಅಕ್ಕ ಹಿಗ್ಗಿದಳು. "ತಂಪು ಇಳೀತಾ ಅದೆ ಕಣೋ!"

ಆಮೇಲೆ ಆರ್ಡರ್ ಬಂತು. ಅಕ್ಕನಿಗೆ ಗುಂಡ್ಲುಪೇಟೆ, ಕೇಳಿದ್ದ ಶಾಲೆಯೇ. ಅವಳು ಮೊದಲು ಮಗಳಿಗೆ ಫೋನ್ ಮಾಡಿದಳು. ಬೀಳ್ಕೊಡುಗೆಯ ದಿನ ಆ ಎದುರಾಳಿ ಮೂಗು ಒರೆಸಿಕೊಳ್ಳುತ್ತಾ ಅತ್ತರಂತೆ. "ನಮ್ಮ ತೌರಿನೋರೂ ನಂಗೆ ಇಷ್ಟೊಂದು ಸೋರೆಕಾಯಿ ಕೊಟ್ಟಿರ್ಲಿಲ್ಲ ಟೀಚರ್."

ಬೀದಿಯ ಹೆಂಗಸರು ಸಾಲಾಗಿ ಬಂದರು. ಅತ್ತೆಗೆ ಯಾವ ಕಾಯಿ, ನಾದಿನಿಗೆ ಯಾವುದು, ಮನೆ ಓನರ್‌ಗೆ ಎಷ್ಟು ತೂಕದ್ದು ಎಂದು ಕೇಳಿಕೊಂಡು ಹೋದರು. ಆ ವಾರ ನಮ್ಮ ಸಂತೆಯಲ್ಲಿ ಬೂದುಗುಂಬಳವೇ ಸಿಗಲಿಲ್ಲ. ಅಮ್ಮ ನನ್ನನ್ನು ನೋಡಿ, "ನಿನ್ನ ಓದ್ಸಿದ್ದು ದಂಡ, ಓಗತ್ಲಾಗೆ" ಎಂದಳು.

ವರ್ಗಾವಣೆಯ ಕೆಲಸ ನೋಡುವ ಕಚೇರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಟೀ ಅಂಗಡಿಯಲ್ಲಿ ಸಿಕ್ಕಾಗ, ಆ ಶಾಲೆಗೆ ಪೈಪೋಟಿ ಹೇಗಿತ್ತಪ್ಪ ಎಂದು ಕೇಳಿದೆ.

ಅರ್ಜಿ ಹಾಕಿದ್ದವಳು ಅಕ್ಕ ಒಬ್ಬಳೇ.