ಭಾವನ ಬ್ಯಾರನ್ ಶಾಲೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಅತ್ಯುತ್ತಮ ಶಾಲೆ ಯಾವುದೆಂದು ನಮ್ಮ ಭಾವನನ್ನು ಮಾತ್ರ ಕೇಳಬೇಡಿ. ಕೇಳಿದರೆ ಅವರು ತಮ್ಮ ಶಾಲೆಯೆಂದೇ ಹೇಳುತ್ತಾರೆ. ಹೇಳುವುದಷ್ಟೇ ಅಲ್ಲ, ಸಾಬೀತು ಮಾಡಿಯೂ ಬಿಡುತ್ತಾರೆ. ಆ ಶಾಲೆಯಲ್ಲಿ ಇದುವರೆಗೆ ಒಬ್ಬರೂ ನಪಾಸಾಗಿಲ್ಲ. ಮಕ್ಕಳ ನಡುವೆ ಜಗಳವಿಲ್ಲ, ಜಾತಿಭೇದವಿಲ್ಲ, ಹಿಂದಿನ ಬೆಂಚು ಮುಂದಿನ ಬೆಂಚು ಎಂಬ ತಾರತಮ್ಯವಿಲ್ಲ. ಪ್ರತಿ ಪರೀಕ್ಷೆಯಲ್ಲೂ ಇಡೀ ತರಗತಿಗೆ ಮೊದಲ ಸ್ಥಾನ! ಏಕೆಂದರೆ ಆ ಶಾಲೆಯಲ್ಲಿರುವುದು ಒಂದೇ ತರಗತಿ, ಆ ತರಗತಿಯಲ್ಲಿರುವುದು ಒಂದೇ ಮಗು, ಆ ಮಗು ಅವರದೇ ಮಗಳು.

ಈಗ ನನ್ನ ಪಾಡನ್ನು ಸ್ವಲ್ಪ ಊಹಿಸಿಕೊಳ್ಳಿ. ನಾನು ಹುಣಸೂರಿನಲ್ಲಿ ಮಕ್ಕಳ ಹಕ್ಕಿಗಾಗಿ ದುಡಿಯುವ ಒಂದು ಪುಟ್ಟ ಸಂಘದವಳು. ಬೇಸಿಗೆ ಮುಗಿಯುತ್ತ ಬಂದಂತೆ ಕೆ.ಆರ್. ನಗರದಿಂದ ಪಿರಿಯಾಪಟ್ಟಣದವರೆಗೆ ಮನೆಮನೆಯ ಜಗಲಿ ಹತ್ತಿ, ಆರು ತುಂಬಿದ ಒಂದು ಮಗುವೂ ಶಾಲೆಯಿಂದ ಹೊರಗೆ ಉಳಿಯಬಾರದೆಂದು ವಾದಿಸುವುದು ನನ್ನ ಕೆಲಸ. ಒಮ್ಮೆ ರಾವಂದೂರಿನಲ್ಲಿ ಮೈಕು ಹಿಡಿದು ಇದನ್ನೇ ಹೇಳುತ್ತಿದ್ದಾಗ, ಮುಂದೆ ಕುಳಿತಿದ್ದ ಯಜಮಾನರೊಬ್ಬರು ಬಹಳ ವಿನಯದಿಂದ, “ನಿಮ್ಮಕ್ಕನ ಮಗಳು ಯಾವ ಸ್ಕೂಲ್ಗೋಯ್ತಾಳೆ ಮೇಡಮ್ಮಾರೆ?” ಎಂದು ಕೇಳಿದರು. ಅಂದು ಮೈಕು ಕೆಟ್ಟಿತೆಂದು ನಟಿಸಬೇಕಾಯಿತು.

ಭಾವ ಮೊದಲು ಹೊಗೆಸೊಪ್ಪು ಬೆಳೆಯುತ್ತಿದ್ದರು. ಹಂಪಾಪುರದ ಬಳಿ ಮೂರೆಕರೆ ಹೊಲ. ಹೊಲದ ಮೂಲೆಯಲ್ಲಿ ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್, ಅಂದರೆ ಎತ್ತರದ ಗೋಡೆಗಳ ಒಂದು ಕಟ್ಟಡ. ಒಂದು ಭಾನುವಾರ ಚರ್ಚಿನಲ್ಲಿ ಪಾಸ್ಟರು ಮನುಷ್ಯನ ದೇಹವೇ ದೇವರ ಆಲಯ ಎಂದು ಬೋಧಿಸಿದರು. ಉಳಿದವರೆಲ್ಲ ಆಮೆನ್ ಎಂದು ಮನೆಗೆ ಹೋಗಿ ಉಂಡು ಮಲಗಿದರು. ಭಾವ ಮಾತ್ರ ಸೋಮವಾರವೇ ಹೊಗೆಸೊಪ್ಪನ್ನು ಬಿಟ್ಟು ರಾಗಿಗೆ ಇಳಿದರು. ಖಾಲಿಯಾದ ಬ್ಯಾರನ್ನಿಗೆ ಸುಣ್ಣ ಬಳಿದು, ಕಪ್ಪುಹಲಗೆ ತೂಗುಹಾಕಿದರು. ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರಕೂಡದೆಂದು ನಮ್ಮ ಕಾನೂನು ಹೇಳುತ್ತದೆ. ಇಲ್ಲಿ ಶಾಲೆಯೇ ತಂಬಾಕಿನ ಹೊಟ್ಟೆಯೊಳಗಿತ್ತು! ಕಿಟಕಿಯಿಲ್ಲದಿರುವುದು ಒಂದು ತಪ್ಪು, ಗೋಡೆಯ ಘಾಟು ಇನ್ನೊಂದು ತಪ್ಪು ಎಂದು ಭಾವನಿಗೆ ವಿವರಿಸಲು ಮೊದಲ ದಿನ ಒಳಗೆ ಕಾಲಿಟ್ಟವಳು ಒಂದೇ ಸಮನೆ ಸೀನತೊಡಗಿದೆ. ಭಾವ ಅದನ್ನು ವ್ಯರ್ಥ ಮಾಡಲಿಲ್ಲ. ಮಗಳಿಂದ ಎಣಿಸಿ ಬರೆಸಿದರು. ಒಂಬತ್ತು. ನಾನು ಹೋದ ಮೇಲೆ ವ್ಯವಕಲನಕ್ಕೂ ಅದೇ ಲೆಕ್ಕ ಬಳಕೆಯಾಯಿತಂತೆ. ಚಿಕ್ಕಮ್ಮ ಒಂಬತ್ತು ಸಲ ಸೀನಿದಳು, ನಾಲ್ಕು ಸಲ ಬಾಯಿ ಮುಚ್ಚಿಕೊಂಡಳು, ಮುಚ್ಚಿಕೊಳ್ಳದ ಸೀನು ಎಷ್ಟು?

ಇಷ್ಟೆಲ್ಲ ಏಕೆ ಎಂದರೆ, ಕಾರಣ ತಮಾಷೆಯದಲ್ಲ. ಭಾವನ ಮಗಳಾದ ನಮ್ಮ ಸಲೋಮಿಗೆ ಮಾತು ತಡವರಿಸುತ್ತದೆ. ಮೊದಲ ಅಕ್ಷರ ತುಟಿಯ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದೊಂದು ಹೊರಬಿದ್ದರೆ ಉಳಿದವು ಹಿಂದೆಯೇ ಸಾಲಾಗಿ ಬರುತ್ತವೆ. ನಾಲ್ಕು ತುಂಬಿದಾಗ ಅವಳನ್ನು ಒಂದು ಖಾಸಗಿ ಶಾಲೆಗೆ ಹಾಕಿದ್ದರು. ಹಾಜರಿ ಕರೆದಾಗ ಅವಳು ‘ಪ್ರೆಸೆಂಟ್’ ಎನ್ನುವಷ್ಟರಲ್ಲಿ ಟೀಚರು ಮುಂದಿನ ಎರಡು ಹೆಸರು ಮುಗಿಸಿರುತ್ತಿದ್ದರು, ತರಗತಿ ನಗುತ್ತಿತ್ತು. ತಿಂಗಳ ಕೊನೆಗೆ ಮನೆಗೆ ಚೀಟಿ ಬಂತು: ನಿಮ್ಮ ಮಗು ಹನ್ನೊಂದು ದಿನ ಶಾಲೆಗೆ ಬಂದಿಲ್ಲ. ಆ ಹನ್ನೊಂದು ದಿನವೂ ಭಾವನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಶಾಲೆಯೊಳಗೆ ಬಿಟ್ಟು ಬಂದಿದ್ದರು. ತರಗತಿಯ ನಡುವೆ ಕುಳಿತ ಮಗುವನ್ನು ಗೈರುಹಾಜರೆಂದು ಬರೆಯುವುದು ಅನ್ಯಾಯ. ಅದನ್ನು ಅನ್ಯಾಯವೆಂದೇ ಕರೆಯುತ್ತೇನೆ. ಆದರೆ ಅದಕ್ಕೆ ಉತ್ತರವಾಗಿ ಮಗುವನ್ನು ಓರಗೆಯ ಮಕ್ಕಳಿಂದ ಬೇರ್ಪಡಿಸಿ ಬ್ಯಾರನ್ನಿನಲ್ಲಿ ಕೂರಿಸುವುದೂ ಅನ್ಯಾಯವೇ ಅಲ್ಲವೇ? ಈ ಜೂನಿನಲ್ಲಿ ಅವಳಿಗೆ ಆರು ತುಂಬುತ್ತಿತ್ತು. ಒಂದನೇ ತರಗತಿಗೆ ಸೇರಲೇಬೇಕು ಎಂದು ನಾನು ಹಟ ಹಿಡಿದೆ.

“ನಗೋ ಬಾಯ್ಗಳ ಮುಂದ್ಕೆ ನನ್ ಮಗೀನ ನಿಲ್ಸಕಿಲ್ಲ ಕಣ್ ಕಮಿಷನರಮ್ಮ,” ಎಂದರು ಭಾವ. ನನಗೆ ಅವರಿಟ್ಟ ಹೆಸರು ಅದು. “ನೀನೂ ಏನ್ ಕಮ್ಮಿಯಿಲ್ಲ. ಅದು ಅರ್ಧ ಯೋಳೋವೊತ್ಗೆ ಇನ್ನರ್ಧವ ನೀನೇ ಕಿತ್ಕಂಡು ಯೋಳ್ತೀಯ.”

ಮಗುವಿಗೆ ಕಷ್ಟವಾಗದಿರಲೆಂದು ವಾಕ್ಯ ಮುಗಿಸಿಕೊಡುವುದು ನನ್ನ ಅಭ್ಯಾಸವಾಗಿತ್ತು. ಅದನ್ನು ನಾನು ಸಹಾಯ ಎಂದುಕೊಂಡಿದ್ದೆ. ಬ್ಯಾರನ್ನಿನ ಗಾಳಿ ಬೆಳಕಿನ ವಿಷಯಕ್ಕೆ ಮರಳಿದೆ.

ಭಾವನ ಶಾಲೆಯ ದಿನಚರಿಯನ್ನು ನೀವು ಕಣ್ಣಾರೆ ನೋಡಬೇಕು. ನಾನು ಮೈಸೂರಿನಲ್ಲಿ ಓದಿದ್ದು ಗಂಟೆಯಿಲ್ಲದ, ಅಂಕಗಳಿಲ್ಲದ, ಶಿಕ್ಷಕರನ್ನು ಅಣ್ಣ ಅಕ್ಕ ಎಂದು ಕರೆಯುವ ಶಾಲೆಯಲ್ಲಿ. ಭಾವನದು ಗಂಟೆಯೇ ಪ್ರಾಣವಾಗಿರುವ ಶಾಲೆ. ಎಂಟಕ್ಕೆ ಮೊದಲ ಗಂಟೆ. ಮನೆಗೂ ಬ್ಯಾರನ್ನಿಗೂ ಇರುವುದು ಇಪ್ಪತ್ತು ಹೆಜ್ಜೆ. ಆದರೆ ಶಾಲೆಗೆ ‘ಹೋಗಲೇಬೇಕು’ ಎಂಬ ನಿಯಮದಂತೆ ಮಗು ಬ್ಯಾಗು ಹೊತ್ತು ಮುಂಬಾಗಿಲಿನಿಂದ ಹೊರಟು, ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿ ಬರಬೇಕು. ಆಮೇಲೆ ಪ್ರಾರ್ಥನೆ, ಒಂದು ಕೀರ್ತನೆ, ಒಂದು ಬಾಯಿಪಾಠದ ವಚನ. ಪ್ರಾರ್ಥನೆಯಲ್ಲಿ ದೇಶದ ಪ್ರಧಾನಿಯಿಂದ ಹಿಡಿದು ಕೋಟೆ ಬಸ್ಸಿನ ಕಂಡಕ್ಟರನವರೆಗೆ ಎಲ್ಲರ ಕ್ಷೇಮವನ್ನೂ ಕೇಳಿಕೊಳ್ಳುತ್ತಾರೆ. ನನ್ನ ಕೋಪ ತಗ್ಗಲೆಂಬ ಬೇಡಿಕೆಗೂ ಅಲ್ಲಿ ಖಾಯಂ ಜಾಗವಿದೆ.

ಮಗುವಿಗೆ ಜ್ವರ ಬಂದರೆ ರಜಾ ಅರ್ಜಿ ಕಡ್ಡಾಯ. ಪೋಷಕರಾಗಿ ಭಾವನೇ ಬರೆದು ಸಹಿ ಹಾಕುತ್ತಾರೆ. ಮುಖ್ಯೋಪಾಧ್ಯಾಯರಾಗಿ ಭಾವನೇ ಕನ್ನಡಕ ಹಾಕಿಕೊಂಡು ಆ ಸಹಿಯನ್ನು ಅನುಮಾನದಿಂದ ನೋಡುತ್ತಾರೆ. ಒಮ್ಮೆ ಸಹಿ ಹೊಂದಿಕೆಯಾಗುತ್ತಿಲ್ಲವೆಂದು ತಮ್ಮ ಅರ್ಜಿಯನ್ನೇ ತಿರಸ್ಕರಿಸಿದ್ದುಂಟು. ತಿಂಗಳಿಗೊಮ್ಮೆ ಪೋಷಕರ ಸಭೆ. ನಮ್ಮಕ್ಕ ಸೀರೆ ಬದಲಾಯಿಸಿಕೊಂಡು, ಬದುವಿನ ಮೇಲೆ ಸುತ್ತು ಹಾಕಿ ಬಂದು ಬೆಂಚಿನ ಮೇಲೆ ಕೂರುತ್ತಾಳೆ. ಮಗು ಸೊಪ್ಪಿನ ಸಾರು ಬಿಡುತ್ತಿದೆ, ಮನೆಯಲ್ಲಿ ಗಮನವಿಲ್ಲ ಎಂದು ಮೇಷ್ಟ್ರು ಗಂಭೀರವಾಗಿ ಆಕ್ಷೇಪಿಸುತ್ತಾರೆ. ಅಕ್ಕನೇನು ಸಾಮಾನ್ಯಳೇ? “ಅಪ್ಪನೂ ಬುಡ್ತಾರೆ ಮೇಷ್ಟ್ರೇ. ಅವರ್ನೂ ಒಂದಿನ ಕರ್ಸಿ ಬುದ್ದಿ ಯೋಳಿ,” ಎಂದಳಂತೆ.

ಮಕ್ಕಳಿಗೆ ಪ್ರಜಾಪ್ರಭುತ್ವ ಕಲಿಸಬೇಕೆಂದು ನಾನೇ ಒಮ್ಮೆ ಸಲಹೆಯಿತ್ತೆ. ಭಾವ ಎರಡೇ ದಿನದಲ್ಲಿ ತರಗತಿಯ ನಾಯಕನ ಚುನಾವಣೆ ಘೋಷಿಸಿದರು. ಒಬ್ಬರೇ ನಿಂತರೆ ಅವಿರೋಧ ಆಯ್ಕೆಯಾಗಿ ಪಾಠ ಕೆಡುತ್ತದೆಂದು ಸಲೋಮಿಯ ಎದುರು ಹಟ್ಟಿಯ ಕರುವನ್ನು ನಿಲ್ಲಿಸಿದರು. ಒಟ್ಟು ಮತದಾರರು ಒಬ್ಬರು. ಎಣಿಕೆ ನಡೆದಾಗ ಕರು ಒಂದು ಮತದ ಅಂತರದಿಂದ ಗೆದ್ದಿತ್ತು! ರಹಸ್ಯ ಮತದಾನವಾದ್ದರಿಂದ ಆ ಮತ ಯಾರದೆಂದು ಭಾವ ಇಂದಿಗೂ ಬಹಿರಂಗಪಡಿಸಿಲ್ಲ.

ಇಂಥ ಶಾಲೆಗೆ ಮೇ ತಿಂಗಳಲ್ಲಿ ಅಳತೆಯ ಪಾಠ ಬಂತು. ಬೈಬಲ್ಲಿನ ಜಲಪ್ರಳಯದ ಕಾಲದಲ್ಲಿ ಪ್ರಾಣಿಗಳನ್ನೆಲ್ಲ ಜೋಡಿಜೋಡಿಯಾಗಿ ಹತ್ತಿಸಿಕೊಂಡ ಹಡಗಿನ ಕಥೆ ನಿಮಗೆ ಗೊತ್ತಿರಬಹುದು. ಉದ್ದ ಮುನ್ನೂರು ಮೊಳ, ಅಗಲ ಐವತ್ತು ಮೊಳ. ಬೇರೆಯವರಾದರೆ ಹಲಗೆಯ ಮೇಲೆ ಚಿತ್ರ ಬರೆದು ಸುಮ್ಮನಾಗುತ್ತಿದ್ದರು. ಭಾವ ಹಗ್ಗ, ಗೂಟ, ಕೆಂಪು ಬಟ್ಟೆಯ ಚೂರುಗಳು ಮತ್ತು ಒಂದು ಚೀಲ ಸುಣ್ಣದ ಪುಡಿಯೊಂದಿಗೆ ಹೊಲಕ್ಕಿಳಿದರು. ಮೊಳ ಯಾರದಾಗಬೇಕೆಂದು ಅಪ್ಪ ಮಗಳಿಗೆ ವಾದವಾಯಿತು. ಮಗಳ ಮೊಳದಲ್ಲಿ ಅಳೆದರೆ ಆನೆ ಹಿಡಿಸುವುದಿಲ್ಲವೆಂದು ಅಪ್ಪನ ಕೈಯೇ ಗೆದ್ದಿತು. ಆದರೆ ಭಾವನ ಹೊಲ ಅಷ್ಟು ಉದ್ದವಿರಲಿಲ್ಲ. ಹಡಗಿನ ಮೂತಿ ಬದು ದಾಟಿ ಪಕ್ಕದ ಜವರೇಗೌಡರ ಹೊಲದೊಳಕ್ಕೆ ಅರವತ್ತು ಮೊಳ ನುಗ್ಗಿತು.

ಬೆಳಗ್ಗೆ ಹತ್ತರ ಹೊತ್ತಿಗೆ ನಾನು ದಾಖಲಾತಿ ಅರ್ಜಿ ಹಿಡಿದುಕೊಂಡು ಅಲ್ಲಿಗೆ ಬಂದಾಗ, ಮೂವತ್ತು ಜನ ಪಹಣಿ ಪತ್ರಗಳೊಂದಿಗೆ ಹೊಲದಲ್ಲಿ ನಿಂತಿದ್ದರು. ಬಿಳಿ ಗೆರೆ, ಕೆಂಪು ಬಟ್ಟೆಯ ಗೂಟ! ನಮ್ಮ ಕಡೆ ಇವೆರಡನ್ನೂ ಒಟ್ಟಿಗೆ ಕಂಡವರು ಮತ್ತೇನೆಂದುಕೊಳ್ಳಬೇಕು? ಬೈಪಾಸ್ ರಸ್ತೆ ಎಂದರು ಕೆಲವರು, ಆನೆ ಕಂದಕ ಎಂದರು ಇನ್ನು ಕೆಲವರು.

“ಏನ್ ಮೇಷ್ಟ್ರೇ, ಯಾವ್ ಇಲಾಖೆದು ಇದು?” ಎಂದರು ಜವರೇಗೌಡರು.

“ಇಲಾಖೆದಲ್ಲ ಗೌಡ್ರೇ, ದೇವ್ರುದು.”

“ದೇವ್ರುದಾದ್ರೂ ಒಂದ್ ನೋಟೀಸ್ ಕೊಡ್ಬೇಕು ತಾನೆ?”

ಭಾವ ಪಾಠ ಮಾಡುವ ಉತ್ಸಾಹದಲ್ಲಿದ್ದರು. ನೀರು ಏರುತ್ತದೆ, ಇಲ್ಲಿಂದ ಅಲ್ಲಿಯವರೆಗೆ ಎಲ್ಲವೂ ಮುಳುಗುತ್ತದೆ ಎಂದು ಕೈ ಚಾಚಿ ವಿವರಿಸತೊಡಗಿದರು. ಮುಳುಗುತ್ತದೆ! ಕಬಿನಿಗೆ ಅಣೆಕಟ್ಟು ಕಟ್ಟಿದಾಗ ಊರು ಕಳೆದುಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು ನಿಂತಿರುವ ಜಾಗದಲ್ಲಿ ಆಡುವ ಮಾತೇ ಅದು? ಹುಡುಗಿಯಾಗಿದ್ದಾಗ ತಲೆಯ ಮೇಲೆ ಗಂಟು ಹೊತ್ತು ಮುಳುಗಡೆಯ ಊರಿನಿಂದ ನಡೆದು ಬಂದಿದ್ದ ಕೆಂಪಜ್ಜಿ ಬಿಳಿ ಗೆರೆಯ ಮೇಲೆಯೇ ಕುಸಿದು ಕುಳಿತಳು.

“ಇನ್ನೊಂದ್ ಸಲ ನನ್ ಕೈಲಾಗಕಿಲ್ಲ ಕಣಪ್ಪ,” ಎಂದಳು.

ಜೀವಮಾನದಲ್ಲಿ ಮೊದಲ ಸಲ ಭಾವ ಪಾಠವನ್ನು ನಡುವೆಯೇ ನಿಲ್ಲಿಸಿದರು. ಆಗ ಹಗ್ಗದ ಇನ್ನೊಂದು ತುದಿ ಹಿಡಿದು ದೂರದಲ್ಲಿದ್ದ ಸಲೋಮಿ ಜನರ ನಡುವೆ ತೂರಿಕೊಂಡು ಬಂದು, ಅಜ್ಜಿಯ ಮುಂದೆ ನಿಂತಳು.

“ಇ... ಇ... ಇ...”

ಆ ಅಕ್ಷರ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಮೂವತ್ತು ಜನ ಅವಳ ತುಟಿಯನ್ನೇ ನೋಡುತ್ತಿದ್ದರು. ವಾಕ್ಯ ಮುಗಿಸಿಕೊಡಲು ನಾನು ಬಾಯಿ ತೆರೆದೆ. ಕೆಂಪಜ್ಜಿ ಕುಳಿತಲ್ಲಿಂದಲೇ ನನ್ನ ಮಣಿಕಟ್ಟು ಹಿಡಿದಳು.

“ನೀ ಸುಮ್ಕಿರವ್ವ. ಅದು ಯೋಳ್ತಾದೆ.”

“ಇ... ಇದು ಡ್ಯಾಮಲ್ಲ ಅಜ್ಜಿ. ಹ... ಹ... ಹಡಗು. ನೀರು ಬಂದ್ರೆ ಎ... ಎಲ್ಲಾರೂ ಹತ್ಕೊಳದು.”

ಅಜ್ಜಿ ಒಂದೊಂದು ಅಕ್ಷರವನ್ನೂ ಕೈಗೆ ಬಂದ ಮೇಲೆಯೇ ತೆಗೆದುಕೊಳ್ಳುವವಳಂತೆ ಕಾದು ಕೇಳಿದಳು. ಅವಳ ಉಸಿರು ನಿಧಾನವಾಗಿ ಹಿಂತಿರುಗಿತು.

“ನನ್ ಎಮ್ಮೆ ಒಂದೈತಲ್ಲ ಮಗ. ಅದ್ನ ಏನ್ ಮಾಡ್ಲಿ?”

ಸಲೋಮಿ ಹಡಗನ್ನು ಉದ್ದಕ್ಕೂ ಒಮ್ಮೆ ನೋಡಿ ಯೋಚಿಸಿದಳು.

“ಒ... ಒ... ಒಂದೇ ಎಮ್ಮೆ ಸೇರ್ಸಂಗಿಲ್ಲ. ಜೋ... ಜೋಡಿ ಇರ್ಬೇಕು.”

ಹೊಲವೇ ನಕ್ಕಿತು. ಆ ನಗು ಕಿವಿಗೆ ಬಿದ್ದೊಡನೆ ಭಾವನ ಮುಖ ಬಿಳುಪೇರಿತು. ಗೂಟ ಹೊಡೆಯುವ ಕೊಡತಿಯನ್ನು ಹಿಡಿದುಕೊಂಡೇ ಅವರು ಮುನ್ನುಗ್ಗಿದರು. ಎರಡು ಹೆಜ್ಜೆಯಿಟ್ಟವರು ನಿಂತುಬಿಟ್ಟರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಸಲೋಮಿ. ಜನ ನಕ್ಕಿದ್ದು ಅವಳು ಆಡಿದ ರೀತಿಗಲ್ಲ, ಅವಳು ಆಡಿದ ಮಾತಿಗೆ. ತನ್ನ ಮಾತಿಗೆ ಊರು ನಗುವುದು ಎಷ್ಟು ಸೊಗಸೆಂದು ಆ ಮಗುವಿಗೆ ಅಂದೇ ಗೊತ್ತಾದದ್ದು.

“ಒಳ್ಳೆ ರೂಲ್ಸ್ ಮಡಗವ್ಳೆ ಕಣ್ಲಾ ನಿನ್ ಮಗಳು,” ಎಂದು ಕೆಂಪಜ್ಜಿ ಭಾವನ ಕೈ ಹಿಡಿದು ಮೇಲೆದ್ದಳು.

ಪಹಣಿಗಳು ಮಡಿಕೆಯಾಗಿ ಜೇಬು ಸೇರಿದವು. ಆದರೆ ಜನರ ಹಿಂದೆಯೇ ಬಂದಿದ್ದ ಊರಿನ ಮಕ್ಕಳು ಮನೆಗೆ ಹೋಗಲಿಲ್ಲ. ಹಡಗೆಂದ ಮೇಲೆ ಹತ್ತದೆ ಹೋಗುವುದುಂಟೇ? ಸಲೋಮಿ ಗೆರೆಯ ಬಾಗಿಲಲ್ಲಿ ನಿಂತು ಯಾರು ಹುಲಿ, ಯಾರು ಮೊಲ ಎಂದು ಹಂಚಿದಳು. ಪ್ರತಿ ಪ್ರಾಣಿಯ ಹೆಸರಿಗೂ ಅವಳಿಗೆ ಹೊತ್ತು ಹಿಡಿಯುತ್ತಿತ್ತು. ತಾವು ಏನಾಗಬೇಕೆಂದು ತಿಳಿಯುವವರೆಗೆ ಮಕ್ಕಳು ಕಾಯಲೇಬೇಕಿತ್ತು, ಕಾದರು. ಮಧ್ಯಾಹ್ನ ಊಟಕ್ಕೆ ಕರೆದರೂ ಅವಳು ಬರಲಿಲ್ಲ. ಭಾವ ಬ್ಯಾರನ್ನಿನ ಬಾಗಿಲಲ್ಲಿ ಕುಳಿತು ನೋಡುತ್ತಲೇ ಇದ್ದರು. ಅಂದು ಅವರು ಗಂಟೆ ಹೊಡೆಯಲಿಲ್ಲ.

ಜೂನ್ ಬಂತು. ಭಾವ ತಾವಾಗಿಯೇ ಊರಿನ ಸರ್ಕಾರಿ ಶಾಲೆಗೆ ಹೋಗಿ, ಹಾಜರಿ ಕರೆಯುವಾಗ ಒಂದು ಹೆಸರಿಗೆ ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ ಎಂದು ಟೀಚರಿಗೆ ಹೇಳಿ ಬಂದರು. ಅದು ದಯೆಯಲ್ಲ, ಮಗುವಿನ ಹಕ್ಕು ಎಂದು ಸೇರಿಸಲು ನಾನು ಜೊತೆಗಿದ್ದೆ. ಸೇರಿಸುವ ಅಗತ್ಯ ಬೀಳಲಿಲ್ಲ, ಟೀಚರು ಆಗಲೇ ಒಪ್ಪಿದ್ದರು.

ಶಾಲೆಗೆ ಸೇರಿಸುವ ಹಿಂದಿನ ದಿನ ಭಾವ ಅಕ್ಕನನ್ನೂ ನನ್ನನ್ನೂ ಬ್ಯಾರನ್ನಿಗೆ ಕರೆದರು. ಮೇಜಿನ ಮೇಲೆ ಗೆರೆ ಹಾಕಿದ ಒಂದು ಹಾಳೆ. ವರ್ಗಾವಣೆ ಪತ್ರ! ಒಂದನೇ ತರಗತಿಗೆ ಟಿ.ಸಿ. ಬೇಕಿಲ್ಲ ಭಾವ ಎಂದೆ.

“ನಮ್ ಶಾಲೆಗೂ ಒಂದ್ ಮರ್ವಾದೆ ಅಂತ ಇರಕಿಲ್ವ?” ಎಂದರು.

ಹೆಸರು ಬರೆದರು. ಹುಟ್ಟಿದ ದಿನ ಬರೆದರು. ನಡತೆ: ಬಲು ಒಳ್ಳೆಯದು. ‘ಶಾಲೆ ಬಿಡಲು ಕಾರಣ’ ಎಂಬಲ್ಲಿ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು: ಇಲ್ಲಿ ಕೇಳುವವರು ಸಾಲದು.

ಮುಖ್ಯೋಪಾಧ್ಯಾಯರ ಸಹಿ ಸಲೀಸಾಗಿ ಬಿತ್ತು. ಪೋಷಕರ ಸಹಿಯ ಜಾಗದಲ್ಲಿ ಪೆನ್ನು ನಿಂತಿತು. ಮೊದಲ ಅಕ್ಷರವೇ ಮೂಡಲಿಲ್ಲ. ನಾನು ಹಾಕಲೇ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಭಾವ ಬೇಡವೆಂದು ತಲೆಯಾಡಿಸಿದರು. ಹೊರಗೆ ಸಲೋಮಿ ಯಾರಿಗೋ ಏನನ್ನೋ ಹೇಳಲು ತೊಡಗಿದ್ದಳು. ನಾವು ಅವಸರ ಮಾಡಲಿಲ್ಲ.