ಒಟ್ಟಿನೊಳಗೆ ಸೇರಿದ ಒಟ್ಟು

ಸಂತೆಯಿಂದ ತಂದ ಬದನೆಕಾಯಿಯನ್ನು ಮೊದಲು ಕಂಪ್ಯೂಟರಿಗೆ ಒಪ್ಪಿಸಿ, ಆಮೇಲೆ ಅಡುಗೆಮನೆಗೆ ಬಿಡುವ ಮನುಷ್ಯ ಇಡೀ ಹೂವಿನಹಡಗಲಿಯಲ್ಲಿ ಒಬ್ಬನೇ ಒಬ್ಬ ಇದ್ದಾನೆ. ಅವನು ನನ್ನ ಒಡಹುಟ್ಟಿದ ಅಣ್ಣನಾಗಿರುವುದು ನನ್ನ ಹಣೆಬರಹ!

ದೂರವಾಣಿ ಕಚೇರಿಯಿಂದ ನಿವೃತ್ತರಾದವರು ಶಾಲು, ಹಾರ, ಗೋಡೆ ಗಡಿಯಾರ ಹಿಡಿದು ಮನೆಗೆ ಬರುತ್ತಾರೆ. ಇವನು ಅಲ್ಲಿನ ಕಪ್ಪು ಪರದೆಯ ಚಟವನ್ನು ಹೊತ್ತು ತಂದ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಇವನು ಅಪ್ಪಣೆ ಬರೆಯಬೇಕು, ಅದು ಕೆಳಗೆ ಉತ್ತರ ಕೊಡಬೇಕು. ಪಕ್ಕದ ಮನೆಯಾಕೆ ಒಮ್ಮೆ ಇಣುಕಿ ನೋಡಿ, "ಯಕ್ಕಾ, ನಿಮ್ಮ ಟೀವಿ ಸುಟ್ಟೈತೇನ್ರಿ?" ಎಂದು ಅತ್ತಿಗೆಯನ್ನು ಕೇಳಿದಳಂತೆ. "ಟೀವಿ ನೆಟ್ಟಗೈತವ್ವ, ಅದರ ಮುಂದ ಕುಂತೋರ್ ತಲಿ ಸುಟ್ಟೈತಿ" ಎಂದಳಂತೆ ಅತ್ತಿಗೆ. ಪಾಪ, ಅವಳೇನು ಸುಮ್ಮನೆ ಅಂದಳೇ?

ಅವರ ಹಿತ್ತಲಿನಲ್ಲಿ ಮಲ್ಲಿಗೆ ಗಿಡಗಳಿವೆ. ಹಡಗಲಿಯಲ್ಲಿ ಮಲ್ಲಿಗೆ ಇಲ್ಲದ ಹಿತ್ತಲು ಎಲ್ಲಿದೆ ಹೇಳಿ? ಆದರೆ ಗಿಡಕ್ಕೊಂದು ಫೈಲು ಇರುವ ಹಿತ್ತಲು ಇದೊಂದೇ! ಬೆಳಿಗ್ಗೆ ಅತ್ತಿಗೆ ಒಂದು ಗಿಡದ ಮೊಗ್ಗು ಬಿಡಿಸಿ ತಕ್ಕಡಿಗೆ ಹಾಕಬೇಕು, ಇವನು ಆ ಗಿಡದ ಫೈಲಿನಲ್ಲಿ ಗ್ರಾಮು ಬರೆಯಬೇಕು, ಆಮೇಲೆ ಮುಂದಿನ ಗಿಡ. ಕೊನೆಗೆ ಎಲ್ಲ ಫೈಲುಗಳನ್ನೂ ಒಂದೇ ಅಪ್ಪಣೆಯಲ್ಲಿ ಕೂಡಿಸಿ, ಮೀಸೆಯೊಳಗೆ ನಗುತ್ತಾನೆ.

ನನಗೆ ರೇಗಿತು. "ಅಲ್ಲಣ್ಣ, ಎಲ್ಲಾ ಒಂದ ಬುಟ್ಟಿಗೆ ಹಾಕಿ ತೂಗಿದ್ರ ಒಂದ ಸಲಕ್ಕ ಮುಗೀತೈತಲ್ಲ?"

"ಲೇ ತಂಗೀ, ಆಮ್ಯಾಲ ಕೂಡ್ಸಾಕ ಏನ್ ಉಳೀತೈತಿ?"

ಇಂಥವನ ಹತ್ತಿರ ಏನು ಮಾತಾಡುತ್ತೀರಿ! ಫೋನಿನಲ್ಲೇ ಲೆಕ್ಕ ಮಾಡಬಹುದಲ್ಲ ಎಂದು ಯಾರಾದರೂ ಅಂದರೆ, ಅವರು ಹಸಿ ಮೆಣಸಿನಕಾಯಿಯನ್ನು ತನ್ನ ಕಣ್ಣಿಗೆ ಉಜ್ಜಿದಂತೆ ನೋಡುತ್ತಾನೆ. ಅವನಿಗೆ ಎರಡು ವ್ರತಗಳಿವೆ. ಯಾವ ಲೆಕ್ಕವನ್ನೂ ಮೂರು ಸಲ ತಾಳೆ ನೋಡದೆ ಬಾಯಿ ಬಿಡಬಾರದು. ಬರೆದದ್ದನ್ನು ಯಾವತ್ತೂ ಅಳಿಸಬಾರದು. ಅಪ್ಪಣೆಯ ಕೊನೆಗೆ ಒಂದು ಬಾಣದ ಗುರುತು ಹಾಕಿದರೆ ಹಳೆಯ ಉತ್ತರ ಅಳಿಸಿಹೋಗಿ ಹೊಸದು ಕೂರುತ್ತದಂತೆ, ಎರಡು ಬಾಣ ಹಾಕಿದರೆ ಹಳೆಯದರ ಕೆಳಗೆ ಹೊಸದು ಸೇರುತ್ತದಂತೆ. ಇವನು ಹಾಕುವುದು ಎರಡೇ ಬಾಣ. ಉಪ್ಪಿನಕಾಯಿ ಭರಣಿಯ ಲೆಕ್ಕಕ್ಕೂ ಎರಡು ಬಾಣ!

ಇದೆಲ್ಲ ಅವನ ಮನೆಯ ಹುಚ್ಚು ಎಂದು ನಾನು ಸುಮ್ಮನಿದ್ದೆ. ಆದರೆ ಈ ಹುಚ್ಚು ಕೊಟ್ಟೂರಿನ ನನ್ನ ಮನೆಗೆ, ಅದೂ ನನ್ನ ಮಗಳ ಮದುವೆಗೆ ಬಂತು.

ಅವಳಿಗೆ ಇದು ಎರಡನೆಯ ಮದುವೆ. ಮೊದಲನೆಯದು ಮುರಿದು ಬಿತ್ತು, ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಆದರೂ ನಮ್ಮ ಬೀಗರು ಬಿಜ್ಜರ ಬಾಯಿ ಗೊತ್ತಲ್ಲ? "ಎರಡ್ನೇದಕ್ಕೂ ಕರಿಯೋದೈತೇನ್ರಿ?" ಎಂದು ನನ್ನ ಮುಖದ ಮೇಲೇ ಕೇಳಿದವರಿದ್ದಾರೆ. ಕದ್ದು ಮುಚ್ಚಿ ಮಾಡಲು ಅವಳೇನು ಕಳ್ಳತನ ಮಾಡಿದ್ದಳೇ? ಎಲ್ಲರನ್ನೂ ಕರೆದೇ ಮಾಡುತ್ತೇನೆ ಎಂದು ಹಟ ಹಿಡಿದೆ. ಒಳಗೊಳಗೆ ಮಾತ್ರ ಒಂದೇ ಹೆದರಿಕೆ: ಯಾರೂ ಬರದಿದ್ದರೆ?

ಅವಳ ಸೋದರಮಾವ, ಅಂದರೆ ಇದೇ ಅಣ್ಣ, ತಾನೇ ಮುಂದೆ ಬಂದು ಲೆಕ್ಕ ವಹಿಸಿಕೊಂಡ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಊರಿಗೊಂದು ಫೈಲು, ಎಲ್ಲವೂ ಒಂದೇ ಜಾಗದಲ್ಲಿ. ಸಾಲಿಗೊಂದು ಮನೆ, ಸಾಲಿನ ಕೊನೆಗೆ ಆ ಮನೆಯಿಂದ ಬರುವವರ ಸಂಖ್ಯೆ. ಆ ಜಾಗದಲ್ಲಿರುವ ಎಲ್ಲ ಫೈಲುಗಳನ್ನೂ ಓದು, ಪ್ರತಿ ಸಾಲಿನ ಕೊನೆಯ ಅಂಕಿ ಹಿಡಿದು ಕೂಡಿಸು, ಉತ್ತರವನ್ನು 'ಒಟ್ಟು' ಎಂಬ ಫೈಲಿಗೆ ಹಾಕು ಎಂದು ಅಪ್ಪಣೆ. ಕೊನೆಗೆ ಎರಡು ಬಾಣ, ಇನ್ನೇನು!

ಮೊದಲ ಸಲ ಫೋನು ಮಾಡಿ, "ನೂರಿಪ್ಪತ್ತು ಮಂದಿ ತಂಗೀ" ಎಂದ. ಕರೆದವರಲ್ಲಿ ಕಾಲು ಭಾಗವೂ ಇಲ್ಲ. ನನಗೆ ಮಾತೇ ಹೊರಡಲಿಲ್ಲ. ಹರಪನಹಳ್ಳಿಯಿಂದ ಒಂದು ಜೋಡಿ ಒಪ್ಪಿದ್ದಾರೆಂದು ಮತ್ತೆ ಕೂಡಿಸಿದ. "ಇನ್ನೂರ ನಲವತ್ತೆರಡು! ಮನಸು ಕರಗೇತಿ ನೋಡು ಮಂದೀದು!" ಮದುವೆಗೆ ಮುಂಚೆ ಕಡೆಯದಾಗಿ ಇನ್ನೊಮ್ಮೆ ಕೂಡಿಸಿದ. "ನಾನೂರ ಎಂಬತ್ನಾಲ್ಕು ತಂಗೀ! ಅಡಿಗಿಯವ್ರಿಗೆ ಐನೂರು ಅಂತ ಹೇಳಿಬಿಡು!"

ಹೇಳಿಬಿಟ್ಟೆ. ಫೋನು ಇಟ್ಟು, ಅಡುಗೆಮನೆಯ ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತೆ.

ಬಂದವರು ನೂರಿಪ್ಪತ್ತೆರಡು! ಮದುವೆ ಮನೆಯಲ್ಲಿ ಐನೂರು ಮಂದಿಗೆ ಹುಗ್ಗಿ ಕುದಿದಿತ್ತು, ಐನೂರು ಮಂದಿಗೆ ಬೆಂಚು ಹಾಕಿತ್ತು. ಸಣ್ಣ ಕೋಣೆಯಲ್ಲಿ ಮಾಡಿದ್ದರೆ ಗಿಜಿಗಿಜಿ ಎನ್ನುತ್ತಿದ್ದ ಮಂದಿ, ಅಲ್ಲಿ ಹರಿದ ಸರದ ಮಣಿಗಳಂತೆ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. "ಐನೂರು ಮಂದಿಗೆ ಮಾಡ್ಯಾರಂತ, ಯಾರೂ ಬಂದಿಲ್ಲ ನೋಡ್ರಿ" ಎಂದು ಒಬ್ಬಾಕೆ ನನಗೆ ಕೇಳಿಸುವಂತೆಯೇ ಅಂದಳು. ಮಗಳು ಹಸೆಯ ಮೇಲಿಂದ ಖಾಲಿ ಬೆಂಚುಗಳನ್ನು ನೋಡಿದ್ದನ್ನು ನಾನು ನೋಡಿದೆ.

ಅಣ್ಣ ಮೂಲೆಯಲ್ಲಿ, ರೇಷ್ಮೆ ರುಮಾಲು ಸುತ್ತಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದ. ಮದುವೆ ಮನೆಯಲ್ಲಿ ಲ್ಯಾಪ್‌ಟಾಪು! ನೆಟ್ಟಗೆ ಹೋಗಿ ನಿಂತೆ.

"ತಂಗೀ," ಎಂದ ತಲೆಯೆತ್ತದೆ, "ಒಟ್ಟಿನೊಳಗ ಒಟ್ಟು ಸೇರೇತಿ. ಆ ಫೈಲೂ ಅಲ್ಲೇ ಇತ್ತು. ಎಲ್ಲಾ ಫೈಲು ಕೂಡ್ಸು ಅಂದ್ನಿ, ಅದು ಹಿಂದಿನ ಒಟ್ಟನ್ನೂ ಕೂಡ್ಸೇತಿ. ಕೂಡ್ಸಿದಂಗೆಲ್ಲ ಮಂದಿ ಬೆಳದಾರ."

"ಇಬ್ಬರು ಹೆಚ್ಚಾದ್ರ ನೂರಿಪ್ಪತ್ತೆರಡು ಆಕ್ಕೈತಿ ಅನ್ನೋದು ಎರಡ್ನೇ ಕ್ಲಾಸಿನ ಹುಡುಗರಿಗೂ ಗೊತ್ತೈತಲ್ಲೋ! ಮಲ್ಲಿಗಿ ಮೊಗ್ಗು ಮೂರು ಸಲ ತಾಳೆ ನೋಡ್ತಿ, ಉಪ್ಪಿನಕಾಯಿ ನೋಡ್ತಿ. ನನ್ನ ಮಗಳ ಮದುವಿ ಲೆಕ್ಕ ಒಂದ ಸಲ ನೋಡಾಕ ಆಗ್ಲಿಲ್ಲೇನು ನಿನಗ?"

ಅವನು ಈಗ ತಲೆಯೆತ್ತಿದ. ಕನ್ನಡಕ ತೆಗೆದು ಶಲ್ಯದ ಅಂಚಿಗೆ ಒರೆಸಿದ.

"ನೂರಿಪ್ಪತ್ತು ಅಂದಾಗ ನೀನು ಫೋನಿನ್ಯಾಗ ಸುಮ್ಮಕಾದಿ. ಇನ್ನೂರ ನಲವತ್ತೆರಡು ಅಂದಾಗ ನಕ್ಕಿ. ತಪ್ಪೈತಿ ಅಂತ ಆಗ ಅನಿಸ್ತು ನನಗ. ತಾಳೆ ನೋಡಾಕ ಕುಂತ್ನಿ ಸೈತ. ನೋಡಿದ್ರ ಕಡಿಮಿ ಆಗಿಬಿಡ್ತೈತಲ್ಲ, ತಂಗೀ..."

ನಾನು ಖಾಲಿ ಬೆಂಚಿನಲ್ಲಿ ಅವನ ಪಕ್ಕ ಕೂತೆ. ಅವನು ಬೆರಳನ್ನು ಕೀಲಿಗಳ ಮೇಲೆ ಇಟ್ಟ. ಹುಟ್ಟಿದಾಗಿನಿಂದ ಏನನ್ನೂ ಅಳಿಸದ ಮನುಷ್ಯ, ಮೆಲ್ಲಗೆ ಕೇಳಿದ.

"ಒಟ್ಟಿನ ಫೈಲು ಅಳಸ್ಲೇನು?"

"ಬ್ಯಾಡ, ಇರ್ಲಿ ಬಿಡು," ಎಂದೆ. "ಏಳು, ಹುಗ್ಗಿ ಆರತೈತಿ."